ದೇಶದ ಹೆಸರಲ್ಲಿ ಸೋಪು ಮಾರಿದ ಗೋದ್ರೆಜ್: ಕಳಪೆ ಮಾಲಿಗೆ ಸ್ವದೇಶಿ ಹಣೆಪಟ್ಟಿ ಬೇಡ ಅಂದವರೂ ಇವರೇ

ನಮ್ಮ ತಾಲ್ಲೂಕಿನ ಯಾವ ಪೇಟೆ ಬೀದಿಗೆ ಹೋದ್ರೂ ಗೋದ್ರೆಜ್ ಅನ್ನೋ ಹೆಸರು ಕಣ್ಣಿಗೆ ಬೀಳುತ್ತೆ. ಷಟರ್‌ಗೆ ಹಾಕೋ ಬೀಗದ ಮೇಲೆ, ಬಂಗಾರದ ಅಂಗಡಿಯ ತಿಜೋರಿ ಮೇಲೆ, ಸಹಕಾರ ಸಂಘದ ಕಚೇರಿಯ ಬೀರು ಮೇಲೆ. ಬೇರೆ ಯಾವುದೋ ಕಂಪನಿಯ ಕಬ್ಬಿಣದ ಬೀರು ತಂದಿಟ್ಟುಕೊಂಡು ಅದನ್ನೂ ಗೋದ್ರೆಜ್ ಬೀರು ಅಂತಲೇ ಕರೆಯೋ ಮನೆಗಳು ಎಷ್ಟಿಲ್ಲ?

ಈ ಹೆಸರಿನ ಮೂಲಪುರುಷ ಅರ್ದೇಶಿರ್ ಗೋದ್ರೆಜ್. ಅವರು ತೀರಿಕೊಂಡಿದ್ದು 1936ರಲ್ಲಿ. ಇಷ್ಟು ಹಳೆಯ ಮನುಷ್ಯನ ಕಥೆ ಈಗ ಯಾಕೆ ಅಂತ ಕೇಳಬಹುದು. ಕಾರಣ ಇದೆ. ಹಬ್ಬ ಬಂತು, ಚುನಾವಣೆ ಬಂತು ಅಂದ್ರೆ ಪತ್ರಿಕೆಯ ಜಾಹೀರಾತುಗಳನ್ನ ನೋಡಿ. ಅಂಗಡಿ ಮಾಲೀಕರ ಫೋಟೊ ಪಕ್ಕದಲ್ಲೇ ಯಾವುದೋ ಪಕ್ಷದ ಮುಖಂಡರ ಫೋಟೊ. ಸೀರೆಗೆ ಡಿಸ್ಕೌಂಟು, ಅದರ ಕೆಳಗೆ ದೇಶದ ಬಗ್ಗೆ ಎರಡು ಸಾಲು. ಇದನ್ನ ಮೆಚ್ಚಿ ಬರೋ ಗಿರಾಕಿಯೂ ಇದ್ದಾರೆ, ಇದನ್ನ ನೋಡಿಯೇ ಪಕ್ಕದಂಗಡಿಗೆ ಹೋಗೋ ಗಿರಾಕಿಯೂ ಇದ್ದಾರೆ. ವ್ಯಾಪಾರದಲ್ಲಿ ರಾಜಕೀಯ ಬೆರೆಸಬೇಕಾ ಬೇಡವಾ ಅನ್ನೋ ಜಗಳ ಹೊಸದು ಅಂತ ನಾವು ಅಂದುಕೊಂಡಿದ್ದೀವಿ. ನೂರು ವರ್ಷದ ಹಿಂದೆ ಬೊಂಬಾಯಿಯ ಈ ಪಾರ್ಸಿ ಯಜಮಾನರು ಅದರೊಳಗೆ ಪೂರ್ತಿ ಇಳಿದವರು, ಅದೂ ಎರಡೂ ಕಡೆಯಿಂದ.

ಅರ್ದೇಶಿರ್ ಹುಟ್ಟಿದ್ದು 1868ರ ಮಾರ್ಚ್ 26ರಂದು, ಬೊಂಬಾಯಿಯಲ್ಲಿ. ತಂದೆ ಬುರ್ಜೋರ್ಜಿ ಮನೆ, ಜಾಗದ ವ್ಯವಹಾರ ಮಾಡಿಕೊಂಡು ಅನುಕೂಲವಾಗಿದ್ದವರು. ಮನೆತನದ ಹೆಸರು ಮೊದಲು ಗುತ್ರೆಜಿ ಅಂತಿತ್ತು, ಇವರು ಮಗುವಾಗಿದ್ದಾಗಲೇ ಗೋದ್ರೆಜ್ ಆಯ್ತು. ಆರು ಮಕ್ಕಳಲ್ಲಿ ಇವರೇ ದೊಡ್ಡವರು. ಓದಿದ್ದು ವಕೀಲಿ.

ಸಂಸಾರದ ಸುಖ ಅವರಿಗೆ ಬಹಳ ದಿನ ಇರಲಿಲ್ಲ. ಮದುವೆಯಾದ ಸ್ವಲ್ಪ ದಿನಕ್ಕೇ, 1891ರ ಏಪ್ರಿಲ್‌ನಲ್ಲಿ, ಹೆಂಡತಿ ಬಚ್ಚೂಬಾಯಿ ಮತ್ತು ಮನೆಯ ಇನ್ನೊಬ್ಬ ಹುಡುಗಿ ಬೊಂಬಾಯಿಯ ರಾಜಾಬಾಯಿ ಗಡಿಯಾರ ಗೋಪುರದಿಂದ ಬಿದ್ದು ಪ್ರಾಣ ಬಿಟ್ಟರು. ಊರೆಲ್ಲ ಅಲ್ಲೋಲಕಲ್ಲೋಲ ಆದ ಪ್ರಕರಣ ಅದು. ಅರ್ದೇಶಿರ್ ಮತ್ತೆ ಮದುವೆ ಆಗಲಿಲ್ಲ, ಮಕ್ಕಳೂ ಇರಲಿಲ್ಲ. ಅವರ ಮುಂದಿನ ಬದುಕೆಲ್ಲ ಕಾರ್ಖಾನೆಯಲ್ಲೇ ಕಳೆಯಿತು.

ವಕೀಲಿ ಮಾತ್ರ ಕೈ ಹಿಡಿಯಲಿಲ್ಲ. 1894ರಲ್ಲಿ ಒಂದು ಕೇಸಿನ ಕೆಲಸಕ್ಕೆ ಆಫ್ರಿಕಾದ ಜಾಂಜಿಬಾರ್‌ಗೆ ಹೋಗಿದ್ದರು. ಅಲ್ಲಿ ಕಕ್ಷಿದಾರನ ಪರವಾಗಿ, ತನಗೆ ಖಾತ್ರಿ ಇಲ್ಲದ ಮಾತನ್ನ ನಿಜ ಅಂತ ಕೋರ್ಟಿನ ಮುಂದೆ ಹೇಳಬೇಕಾದ ಪರಿಸ್ಥಿತಿ ಬಂತು. ಇವರು ಆಗಲ್ಲ ಅಂದುಬಿಟ್ಟರು. ಕಕ್ಷಿದಾರ ಎಷ್ಟು ಹೇಳಿದ್ರೂ ಜಗ್ಗಲಿಲ್ಲ. ಕೇಸೂ ಹೋಯ್ತು, ವಕೀಲಿಯೂ ಹೋಯ್ತು, ವಾಪಸ್ ಬೊಂಬಾಯಿಗೆ ಬಂದರು. ಈ ಹಟವನ್ನ ನೆನಪಿಟ್ಟುಕೊಳ್ಳಿ, ಮುಂದೆ ಅವರ ಜಾಹೀರಾತಿನ ವಿಷಯಕ್ಕೆ ಬಂದಾಗ ಬೇಕಾಗುತ್ತೆ.

ಊರಿಗೆ ಬಂದವರು ಒಂದು ಔಷಧಿ ಅಂಗಡಿಯಲ್ಲಿ ಸಹಾಯಕನಾಗಿ ಸೇರಿಕೊಂಡರು. ಅಲ್ಲಿದ್ದಾಗ ಡಾಕ್ಟರುಗಳು ಆಪರೇಷನ್‌ಗೆ ಬಳಸೋ ಚಾಕು, ಕತ್ತರಿ, ಚಿಮಟಗಳ ಕಡೆ ಕಣ್ಣು ಹೋಯ್ತು. ಎಲ್ಲವೂ ಹೊರದೇಶದ ಮಾಲು. ಇದನ್ನ ನಾವೇ ಮಾಡಬಾರದಾ ಅನ್ನಿಸಿ ಸಾಲ ಕೇಳೋಕೆ ಹೋಗಿದ್ದು ಮೇರ್ವಾನ್‌ಜಿ ಮುಂಚೇರ್‌ಜಿ ಕಾಮಾ ಅನ್ನೋ ಹಿರಿಯರ ಹತ್ತಿರ. ನಿಮ್ಮಪ್ಪನೇ ಕೊಡ್ತಾರಲ್ಲ, ನನ್ನ ಹತ್ತಿರ ಯಾಕೆ ಬಂದೆ ಅಂತ ಕಾಮಾ ಕೇಳಿದರಂತೆ. ಅಪ್ಪ ಕೊಟ್ರೆ ಅದು ದಾನ ಆಗುತ್ತೆ, ತನಗೆ ಬೇಕಾಗಿರೋದು ಸಾಲ ಅಂತ ಅರ್ದೇಶಿರ್ ಉತ್ತರ. 3,000 ರೂಪಾಯಿ ಸಿಕ್ಕಿತು.

ಮಾಲು ಚೆನ್ನಾಗಿ ಬಂತು. ಬೊಂಬಾಯಿಯಲ್ಲಿ ಇಂಥ ಸಾಮಾನು ಮಾರುತ್ತಿದ್ದ ಇಂಗ್ಲಿಷರ ಕಂಪನಿಯ ಯಜಮಾನನಿಗೂ ಒಪ್ಪಿಗೆಯಾಯ್ತು. ತಕರಾರು ಬಂದಿದ್ದು ಮೇಲೆ ಒತ್ತೋ ಮುದ್ರೆಯ ವಿಷಯಕ್ಕೆ. ಇದು ಇಂಡಿಯಾದಲ್ಲಿ ತಯಾರಾದದ್ದು ಅಂತ ಸಾಮಾನಿನ ಮೇಲೆ ಇರಲೇಬೇಕು ಅಂತ ಅರ್ದೇಶಿರ್ ಪಟ್ಟು. ಹಾಗೆ ಬರೆದ್ರೆ ಒಬ್ಬ ಡಾಕ್ಟರೂ ಕೊಳ್ಳಲ್ಲ ಅಂತ ಇಂಗ್ಲಿಷ್ ಯಜಮಾನನ ಪಟ್ಟು. ಇಬ್ಬರೂ ಸೋಲಲಿಲ್ಲ, ವ್ಯಾಪಾರ ಸೋತಿತು. ಕಾರ್ಖಾನೆ ಮುಚ್ಚಿತು.

ನನ್ನ ಪ್ರಕಾರ ಗೋದ್ರೆಜ್ ಕಂಪನಿಯ ಜಾಹೀರಾತಿನ ಇತಿಹಾಸ ಶುರುವಾಗೋದೇ ಇಲ್ಲಿಂದ. ಒಂದು ಚಾಕುವಿನ ಮೇಲೆ ಎಲ್ಲಿ ತಯಾರಾಯ್ತು ಅಂತ ಒತ್ತೋದು ಈಗ ನಮಗೆ ಮಾಮೂಲಿ ವಿಷಯ. ಆಗ ಅದು ರಾಜಕೀಯ. ಬಿಳಿಯರು ಮಾಡಿದ್ದು ಒಳ್ಳೇದು, ಕರಿಯರು ಮಾಡಿದ್ದು ಕಳಪೆ ಅನ್ನೋ ನಂಬಿಕೆ ಮೇಲೇ ಅಂಗಡಿ ನಡೀತಿದ್ದ ಕಾಲ. ಸಾಮಾನು ಬೇಕು, ಹೆಸರು ಬೇಡ ಅನ್ನೋದನ್ನ ಒಪ್ಪದೆ ಈ ಮನುಷ್ಯ ತನ್ನ ಮೊದಲನೇ ವ್ಯಾಪಾರವನ್ನೇ ಕಳಕೊಂಡ.

ಎರಡನೇ ವ್ಯಾಪಾರ ಬೀಗದ್ದು. ಬೊಂಬಾಯಿಯಲ್ಲಿ ಮನೆಗಳ್ಳತನ ಜಾಸ್ತಿಯಾಗಿದೆ, ಜನ ಒಳ್ಳೆ ಬೀಗ ಹಾಕ್ಕೊಳ್ಳಬೇಕು ಅನ್ನೋ ಸುದ್ದಿಯನ್ನ ಪತ್ರಿಕೆಯಲ್ಲಿ ಓದಿ ಈ ಯೋಚನೆ ಬಂತು ಅಂತ ಹೇಳ್ತಾರೆ. 1896ರಿಂದ ಆ ಊರಿಗೆ ಪ್ಲೇಗ್ ಬೇರೆ ಬಡಿದಿತ್ತು, ಸಾವಿರಾರು ಜನ ಮನೆ ಬಿಟ್ಟು ಹಳ್ಳಿಗಳಿಗೆ ಓಡಿಹೋಗಿದ್ದರು. ಮತ್ತೆ ಕಾಮಾ ಹತ್ತಿರವೇ ಹೋದರು. 1897ರ ಮೇ 7ಕ್ಕೆ ಲಾಲ್‌ಬಾಗ್‌ನಲ್ಲಿ, 215 ಚದರ ಅಡಿಯ ಒಂದು ಶೆಡ್‌ನಲ್ಲಿ ಕೆಲಸ ಶುರು. ನಮ್ಮ ಬಸ್‌ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿಯಷ್ಟು ಜಾಗ. ಗುಜರಾತ್, ಮಲಬಾರ್ ಕಡೆಯ ಹನ್ನೆರಡು ಜನ ಕೆಲಸಗಾರರು.

ಬೀಗದ ಜೊತೆಗೆ ಗ್ಯಾರಂಟಿಯನ್ನೂ ಕೊಟ್ಟರು: ಕಳ್ಳಕೀಲಿ ಹಾಕಿ ತೆಗೆಯೋಕೆ ಆಗಲ್ಲ ಅಂತ. ಆಗಿನ ಬೀಗಗಳ ಒಳಗೆ ಸ್ಪ್ರಿಂಗ್ ಇರುತ್ತಿತ್ತು, ಅದು ಸವೆದ್ರೆ, ಮುರಿದ್ರೆ ಬೀಗದ ಕಥೆ ಮುಗೀತು. ಇವರು ಸ್ಪ್ರಿಂಗೇ ಇಲ್ಲದ ಬೀಗ ಮಾಡಿ ಅದಕ್ಕೆ ಪೇಟೆಂಟ್ ತಗೊಂಡರು. 1902ರಲ್ಲಿ ತಿಜೋರಿಗೆ ಕೈ ಹಾಕಿದರು. ತಿಜೋರಿ ಮಾರಬೇಕಾದ್ರೆ ಕಳ್ಳನನ್ನೂ ತಡೀಬೇಕು, ಬೆಂಕಿಯನ್ನೂ ತಡೀಬೇಕು ಅನ್ನೋದು ಇವರ ಲೆಕ್ಕ. ತಮ್ಮ ಪಿರೋಜ್‌ಶಾ ಬಂದು ಕೈ ಜೋಡಿಸಿದ ಮೇಲೆ ಕಾರ್ಖಾನೆ ಬೆಳೀತು.

ಇಲ್ಲೊಂದು ತಮಾಷೆ ಹೇಳಬೇಕು. ಗೋದ್ರೆಜ್ ಆಂಡ್ ಬಾಯ್ಸ್ ಅಂತ ಕಂಪನಿಯ ಹೆಸರಿದೆಯಲ್ಲ, ಆ ಬಾಯ್ಸ್ ಯಾರೋ ಇಂಗ್ಲಿಷ್ ದೊರೆ ಅಂತ ನಂಬಿದವರು ಬಹಳ ಜನ. ಅವರು ಸಾಲ ಕೊಟ್ಟ ಕಾಮಾ ಅವರ ಸಂಬಂಧಿ, ಇವರೂ ಪಾರ್ಸಿಯೇ. ಕಾಮಾ ತಾವು ಕೊಟ್ಟ ದುಡ್ಡಿನ ಬದಲು ನಮ್ಮ ಹುಡುಗನನ್ನ ಪಾಲುದಾರನಾಗಿ ಸೇರಿಸ್ಕೋ ಅಂದಿದ್ದರು. ಬಾಯ್ಸ್ ಬಹಳ ದಿನ ನಿಲ್ಲಲಿಲ್ಲ, ಹೆಸರು ನಿಂತಿತು. ಇಂಗ್ಲಿಷ್ ಹೆಸರಿನಂತೆ ಕೇಳೋದ್ರಿಂದ ಆಗಿನ ಗಿರಾಕಿಗೆ ಸ್ವಲ್ಪ ಧೈರ್ಯ ಬಂದಿದ್ರೆ ಅದೂ ಆಶ್ಚರ್ಯವಲ್ಲ.

1905ಕ್ಕೆ ಬರೋಣ. ಆ ವರ್ಷ ಲಾರ್ಡ್ ಕರ್ಜನ್ ಬಂಗಾಳವನ್ನ ಎರಡು ಮಾಡಿದ. ಅದಕ್ಕೆ ಉತ್ತರವಾಗಿ ಸ್ವದೇಶಿ ಚಳವಳಿ ಎದ್ದಿತು. ವಿದೇಶಿ ಬಟ್ಟೆಗೆ ಬೆಂಕಿ ಬಿತ್ತು, ಅಂಗಡಿಗಳ ಮುಂದೆ ಧರಣಿ ಕೂತರು. ಲೋಕಮಾನ್ಯ ತಿಲಕರು ಅದನ್ನ ಬೊಂಬಾಯಿ ಪ್ರಾಂತ್ಯಕ್ಕೆಲ್ಲ ಹಬ್ಬಿಸಿದರು. ಧಾರವಾಡ, ಬೆಳಗಾವಿ, ವಿಜಯಪುರ ಎಲ್ಲ ಆಗ ಅದೇ ಪ್ರಾಂತ್ಯದೊಳಗೆ ಇದ್ದದ್ದು, ತಿಲಕರ ಪ್ರಭಾವ ನಮ್ಮ ಕಡೆಗೂ ಜೋರಾಗಿಯೇ ಇತ್ತು.

ವ್ಯಾಪಾರಿಗಳು ಸುಮ್ಮನೆ ಇರ್ತಾರಾ? ಸ್ವದೇಶಿ ಅನ್ನೋ ಪದ ಜಾಹೀರಾತಿಗೆ ಬಂತು. ಬೆಂಕಿಪೊಟ್ಟಣ, ಬೀಡಿ, ಬಟ್ಟೆ, ಬಿಸ್ಕತ್ತು, ಎಲ್ಲವೂ ಸ್ವದೇಶಿ. ಕಲ್ಕತ್ತೆಯಲ್ಲಿ ಕುಂತಲಿನ್ ಅನ್ನೋ ತಲೆಗೆಣ್ಣೆ ಮಾರುತ್ತಿದ್ದ ಹೇಮೇಂದ್ರಮೋಹನ್ ಬೋಸ್ ಅನ್ನೋರು ಇದರಲ್ಲಿ ನಿಸ್ಸೀಮರು. ಅವರು ತಮ್ಮ ಎಣ್ಣೆಯ ಹೆಸರಲ್ಲೇ ಕಥಾಸ್ಪರ್ಧೆ ನಡೆಸಿ ಬಹುಮಾನ ಕೊಟ್ಟವರು, ಚಳವಳಿಯ ದಿನಗಳಲ್ಲಿ ರವೀಂದ್ರನಾಥ ಟಾಗೋರರ ಹಾಡುಗಳನ್ನ ಧ್ವನಿಮುದ್ರಣ ಮಾಡಿ ಮಾರಿದವರು. ವ್ಯಾಪಾರವೂ ಆಯ್ತು, ಚಳವಳಿಯೂ ಆಯ್ತು.

ಇಂಡಿಯಾದ ಹೆಸರಿಗೋಸ್ಕರ ಮೊದಲ ಕಾರ್ಖಾನೆಯನ್ನೇ ಮುಚ್ಚಿದ ಅರ್ದೇಶಿರ್ ಈ ಹೊತ್ತಲ್ಲಿ ಎಲ್ಲರಿಗಿಂತ ಮುಂದೆ ನಿಂತು ಸ್ವದೇಶಿ ಅಂತ ಕೂಗಬೇಕಿತ್ತು. ಹಾಗಾಗಲಿಲ್ಲ. ಅವರು ತಿರುಗಿ ಬಿದ್ದರು. ದೇಶದ ಸ್ವಾತಂತ್ರ್ಯ ಅವರಿಗೂ ಬೇಕಿತ್ತು, ದಾದಾಭಾಯಿ ನವರೋಜಿಯವರ ವಿಚಾರ ಓದಿ ಬೆಳೆದವರೇ. ಆದ್ರೆ ನಮ್ಮವರು ಮಾಡಿದ್ದು ಅನ್ನೋ ಒಂದೇ ಕಾರಣಕ್ಕೆ ಕಳಪೆ ಮಾಲನ್ನ ಜನ ಕೊಳ್ಳಬೇಕು ಅನ್ನೋದು ಅವರಿಗೆ ಸರಿಬರಲಿಲ್ಲ. ಹಾಗೆ ಕೊಂಡ್ರೆ ಗಿರಾಕಿಗೂ ಮೋಸ, ತಯಾರು ಮಾಡೋನಿಗೂ ನಷ್ಟ, ಯಾಕಂದ್ರೆ ಅವನು ಒಳ್ಳೇದು ಮಾಡೋದನ್ನ ಕಲಿಯೋದೇ ಇಲ್ಲ. ನಾಳೆ ಚಳವಳಿ ತಣ್ಣಗಾಯ್ತು ಅಂದ್ರೆ ಅವನ ಮಾಲು ಕೇಳೋರೇ ಇರಲ್ಲ. ಈ ಮಾತನ್ನ ದೊಡ್ಡ ದೊಡ್ಡ ನಾಯಕರ ಮುಂದೆಯೂ ಮುಚ್ಚುಮರೆ ಇಲ್ಲದೆ ಹೇಳಿದರು. ಆ ಕಾಲದಲ್ಲಿ ಹೀಗೆ ಮಾತಾಡಿದ್ರೆ ದೇಶದ್ರೋಹಿ ಅನ್ನಿಸ್ಕೊಳ್ಳೋ ಅಪಾಯ ಇತ್ತು. ಒಬ್ಬ ಬೀಗದ ವ್ಯಾಪಾರಿಗೆ ಅದು ಸಣ್ಣ ಅಪಾಯವಲ್ಲ, ದಿನಾ ಅಂಗಡಿ ಬಾಗಿಲು ತೆಗೀಬೇಕಲ್ಲ.

ಅವರ ತಿಜೋರಿ ಮಾತ್ರ ಯಾರು ಕೇಳಿದ್ರೂ ಸಿಗುತ್ತಿತ್ತು. 1911ರ ಡಿಸೆಂಬರ್‌ನಲ್ಲಿ ದೆಹಲಿ ದರ್ಬಾರಿಗಾಗಿ ಐದನೇ ಜಾರ್ಜ್ ದೊರೆ, ರಾಣಿ ಮೇರಿ ಭಾರತಕ್ಕೆ ಬಂದಿದ್ದರು. ಆ ಭೇಟಿಯಲ್ಲಿ ರಾಣಿಯ ಬೆಲೆಬಾಳೋ ಸಾಮಾನು ಇಡೋಕೆ ಬಳಸಿದ್ದು ಗೋದ್ರೆಜ್ ತಿಜೋರಿ ಅಂತ ಕಂಪನಿಯವರು ಈಗಲೂ ಹೆಮ್ಮೆಯಿಂದ ಹೇಳ್ಕೊಳ್ತಾರೆ.

ಇಷ್ಟೆಲ್ಲ ಆದ ಮೇಲೆ ಸೋಪು ಬಂತು, ಸೋಪಿನ ಜೊತೆ ರಾಜಕೀಯವೂ ಬಂತು.

ಆಗ ಸೋಪಿನ ಮಾರುಕಟ್ಟೆ ಪೂರ್ತಿ ಬ್ರಿಟಿಷರ ಕೈಲಿತ್ತು. ಲಿವರ್ ಕಂಪನಿಯ ಸನ್‌ಲೈಟ್ ಸೋಪು 1888ರಲ್ಲೇ ಕಲ್ಕತ್ತೆಯಲ್ಲಿ ಇಳಿದಿತ್ತು. ಆಮೇಲೆ ಲೈಫ್‌ಬಾಯ್, ಪಿಯರ್ಸ್. ಸೋಪು ಮಾಡೋಕೆ ಕೊಬ್ಬು ಬೇಕು, ಹೊರದೇಶದಲ್ಲಿ ಅದಕ್ಕೆ ಬಳಸುತ್ತಿದ್ದದ್ದು ಹೆಚ್ಚಾಗಿ ಪ್ರಾಣಿಗಳ ಕೊಬ್ಬು. ಹಿಂದೂಗಳಿಗೂ ಕಸಿವಿಸಿ, ಮುಸಲ್ಮಾನರಿಗೂ ಕಸಿವಿಸಿ. 1857ರಲ್ಲಿ ತೋಟಾಕ್ಕೆ ಹಚ್ಚಿದ ಕೊಬ್ಬಿನ ಸುದ್ದಿಯಿಂದ ಏನಾಯ್ತು ಅಂತ ಎಲ್ಲರಿಗೂ ಗೊತ್ತಿತ್ತು. ಮೊದಲ ಮಹಾಯುದ್ಧ ಮುಗಿಯೋ ಹೊತ್ತಿಗೆ, 1918ರ ಸುಮಾರಿಗೆ, ಅರ್ದೇಶಿರ್ ಬರೀ ಗಿಡಮರದ ಎಣ್ಣೆಯಿಂದ ಸೋಪು ತಯಾರು ಮಾಡಿ ತೋರಿಸಿದರು. ಹೆಸರು ಚಾವಿ. ಉತ್ತರ ಕರ್ನಾಟಕದ ಓದುಗರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ, ಬೀಗದ ಕೈ. ಬೀಗ ಮಾರೋರು ಸೋಪಿಗೆ ಇದಕ್ಕಿಂತ ಒಳ್ಳೆ ಹೆಸರು ಎಲ್ಲಿಂದ ತರ್ತಾರೆ? ಇದೇ ವರ್ಷಗಳಲ್ಲಿ ಇತ್ತ ಬೆಂಗಳೂರಿನಲ್ಲಿ ಮೈಸೂರು ಸರ್ಕಾರ ಗಂಧದೆಣ್ಣೆ ಸೋಪು ಶುರು ಮಾಡಿತ್ತು ಅನ್ನೋದನ್ನೂ ನೆನೆಸ್ಕೊಳ್ಳಬಹುದು.

ಚಾವಿ ಆದ ಮೇಲೆ ನಂಬರ್ 2 ಅಂತ ಮೈಗೆ ಹಾಕೋ ಸೋಪು ತಂದರು. ಮೊದಲು 2 ಯಾಕೆ, 1 ಎಲ್ಲಿ ಅಂತ ಜನ ಕೇಳಿದ್ರೆ ಅವರ ಲೆಕ್ಕ ತಯಾರಿತ್ತು: ಎರಡನೇ ನಂಬರೇ ಇಷ್ಟು ಚೆನ್ನಾಗಿದ್ರೆ ಒಂದನೇದು ಇನ್ನೆಷ್ಟು ಚೆನ್ನಾಗಿರಬಹುದು ಅಂತ ಗಿರಾಕಿ ಕಾಯಬೇಕು. ಕಾಯಿಸಿ 1922ರಲ್ಲಿ ನಂಬರ್ 1 ತಂದರು. ಇವತ್ತಿಗೂ ಕಿರಾಣಿ ಅಂಗಡಿಯಲ್ಲಿ ಸಿಗುತ್ತೆ.

ಜಾಹೀರಾತಿನಲ್ಲಿ ಅವರು ತಂದ ಮುಖಗಳು ಯಾರ್ಯಾರದ್ದು ನೋಡಿ. ರವೀಂದ್ರನಾಥ ಟಾಗೋರ್, ಆನಿ ಬೆಸೆಂಟ್, ರಾಜಾಜಿ. ಮೂವರೂ ರಾಜಕೀಯದಲ್ಲಿ ಹೆಸರು ಮಾಡಿದವರು. ಟಾಗೋರ್ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡ ಆದ ಮೇಲೆ 1919ರಲ್ಲಿ ಸರ್ ಪದವಿಯನ್ನ ವಾಪಸ್ ಕೊಟ್ಟವರು. ಬೆಸೆಂಟ್ ಹೋಂ ರೂಲ್ ಚಳವಳಿ ನಡೆಸಿ ಬಂಧನಕ್ಕೆ ಒಳಗಾದವರು, 1917ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದವರು. ರಾಜಾಜಿ ಗಾಂಧಿಯವರ ಬಲಗೈ. ಇಂಥವರ ಹೆಸರನ್ನ ಪತ್ರಿಕೆಯಲ್ಲಿ ಸೋಪಿನ ಪಕ್ಕ ಹಾಕೋದು ಅಂದ್ರೆ ನಾವು ಯಾವ ಕಡೆ ಅಂತ ಡಂಗುರ ಹೊಡೆದ ಹಾಗೆ. ಇನ್ನೊಂದು ಸೋಪಿಗೆ ವತ್ನಿ ಅಂತಲೇ ಹೆಸರಿಟ್ಟರು, ವತನ್ ಅಂದ್ರೆ ತಾಯ್ನಾಡು. ಕೆಳಗೆ ಇನ್ನೇನೂ ಬರೀಬೇಕಾಗಿಲ್ಲ.

ಹಾಗಾದ್ರೆ 1905ರಲ್ಲಿ ಆಡಿದ ಮಾತು ಎಲ್ಲಿ ಹೋಯ್ತು ಅಂತ ಕೇಳಬಹುದು. ಕೇಳಲೇಬೇಕು. ಉತ್ತರ ಟಾಗೋರರ ಜಾಹೀರಾತಿನ ಒಳಗೇ ಇದೆ. ದೇಶದ ಸೋಪು, ಆದ್ದರಿಂದ ಕೊಳ್ಳಿ ಅಂತ ಟಾಗೋರ್ ಅಲ್ಲಿ ಹೇಳಿಲ್ಲ. ಗೋದ್ರೆಜ್‌ಗಿಂತ ಒಳ್ಳೆ ವಿದೇಶಿ ಸೋಪು ತಮಗೆ ಗೊತ್ತಿಲ್ಲ, ಇನ್ನು ಮುಂದೆ ಇದನ್ನೇ ಬಳಸ್ತೀನಿ ಅನ್ನೋ ಅರ್ಥದ ಮಾತು ಅದು. ಮೊದಲು ಮಾಲಿನ ತೂಕ, ಆಮೇಲೆ ದೇಶ. ಆಪರೇಷನ್ ಚಾಕುವಿನ ಕಾಲದಿಂದ ಇವರು ಕೇಳುತ್ತಿದ್ದದ್ದೂ ಇಷ್ಟೇ. ಮಾಲು ಹೊರದೇಶದ್ದಕ್ಕೆ ಸಮ ಬಂದ ಮೇಲೆ ದೇಶದ ಹೆಸರು ಹೇಳ್ಕೊಳ್ಳೋಕೆ ನಾಚಿಕೆ ಯಾಕೆ, ಸಮ ಬರದೇ ಹೇಳ್ಕೊಳ್ಳೋಕೆ ಮುಖ ಎಲ್ಲಿದೆ?

ಹಾಗಂತ ಇವರನ್ನ ಪೂರ್ತಿ ಸಂತ ಮಾಡೋದೂ ಬೇಡ. ಅಸಹಕಾರ ಚಳವಳಿಯ ಬಿಸಿ ಇದ್ದ ದಿನಗಳಲ್ಲೇ ಈ ಸೋಪುಗಳು ಮಾರುಕಟ್ಟೆಗೆ ಬಂದದ್ದು, ಟಾಗೋರ್ ಹೆಸರಿನಿಂದ ಎಷ್ಟು ಸೋಪು ಹೆಚ್ಚು ಹೋಗುತ್ತೆ ಅಂತ ಗೊತ್ತಿಲ್ಲದಷ್ಟು ಮುಗ್ಧರೂ ಅವರಲ್ಲ. ವ್ಯಾಪಾರಿ ವ್ಯಾಪಾರಿಯೇ. ಆದ್ರೆ ಜಾಹೀರಾತಿನಲ್ಲಿ ದೇಶ ಅಂದವರು ಗಲ್ಲಾಪೆಟ್ಟಿಗೆಯಿಂದಲೂ ತೆಗೆದು ಕೊಟ್ಟರು. 1921ರಲ್ಲಿ ಗಾಂಧಿಯವರು ತಿಲಕ್ ಸ್ವರಾಜ್ ನಿಧಿಗೆ 1 ಕೋಟಿ ರೂಪಾಯಿ ಕೂಡಿಸೋಕೆ ಹೊರಟಿದ್ದರು, ಜೂನ್ 30 ಗಡುವು. ಅರ್ದೇಶಿರ್ ಒಬ್ಬರೇ 3 ಲಕ್ಷ ಕೊಟ್ಟರು. ಅಸ್ಪೃಶ್ಯತೆಯಿಂದ ನೊಂದ ಜನರ ಏಳಿಗೆಗೆ, ಮದ್ಯಪಾನ ಬಿಡಿಸೋ ಕೆಲಸಕ್ಕೆ ಅದನ್ನ ಬಳಸಬೇಕು ಅನ್ನೋದು ಅವರ ಇಚ್ಛೆ. ಒಂದು ಕಾಲಕ್ಕೆ 3,000 ಸಾಲ ಕೇಳಿದ್ದ ಮನುಷ್ಯ.

ಗಾಂಧಿಯವರು ಇದನ್ನ ಮರೆಯಲಿಲ್ಲ. ಆಮೇಲೆ ಯಾವಾಗಲೋ ಇನ್ನೊಬ್ಬ ಸೋಪು ತಯಾರಕರು ತಮ್ಮ ಉದ್ಯಮಕ್ಕೆ ಆಶೀರ್ವಾದ ಬೇಕು ಅಂತ ಗಾಂಧಿಯವರಿಗೆ ಬರೆದರು. ಗಾಂಧಿ ಕೊಡಲಿಲ್ಲ. ಗೋದ್ರೆಜ್ ಬಗ್ಗೆ ತಮಗೆ ಬಹಳ ಗೌರವ ಇದೆ, ಅವರಿಗೆ ತೊಂದರೆ ಆಗೋ ಹಾಗಿದ್ರೆ ನಿಮಗೆ ಆಶೀರ್ವಾದ ಕೊಡೋಕಾಗಲ್ಲ ಅಂತ ತಿಳಿಸಿದರು. ಆ ಇನ್ನೊಬ್ಬ ತಯಾರಕರ ಕಡೆಯಿಂದ ನೋಡಿದ್ರೆ ಇದು ನ್ಯಾಯವಾ? ಅವರೂ ಈ ದೇಶದವರೇ, ಅವರ ಸೋಪೂ ಸ್ವದೇಶಿಯೇ. ರಾಜಕೀಯದ ದೊಡ್ಡವರ ಕೃಪೆ ವ್ಯಾಪಾರಕ್ಕೆ ಬಂದಾಗ ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರಿಗೆ ಸಿಗಲ್ಲ. ಗೋದ್ರೆಜ್ ಕಥೆ ಹೇಳೋರು ಹೆಚ್ಚಾಗಿ ಈ ಪ್ರಸಂಗವನ್ನ ಖುಷಿಯಿಂದ ಹೇಳ್ತಾರೆ, ಆ ಖಾಲಿ ಕೈಯಲ್ಲಿ ಉಳಿದವರ ಬಗ್ಗೆ ಯಾರೂ ಯೋಚಿಸಲ್ಲ.

1923ರಲ್ಲಿ ಕಂಪನಿ ಉಕ್ಕಿನ ಬೀರು ಮಾಡೋಕೆ ಶುರು ಮಾಡಿತು. ನಮ್ಮ ಮನೆಗಳಿಗೆ ಬಂದು ನಿಂತದ್ದು ಅದೇ. ಹೊತ್ತು ಕಳೆದ ಹಾಗೆ ಅರ್ದೇಶಿರ್ ಕಾರ್ಖಾನೆಯ ಜವಾಬ್ದಾರಿಯನ್ನ ತಮ್ಮ ಪಿರೋಜ್‌ಶಾಗೆ ಬಿಟ್ಟುಕೊಟ್ಟು, ತಾವು ನಾಸಿಕ್ ಕಡೆ ಹೋಗಿ ಬೇಸಾಯಕ್ಕೆ ಇಳಿದರು. ಅಲ್ಲೂ ಸುಮ್ಮನೆ ಕೂರೋ ಜನ ಅಲ್ಲ. 1936ರ ಜನವರಿಯಲ್ಲಿ ತೀರಿಕೊಂಡರು. ಸ್ವರಾಜ್ಯ ಬರೋದನ್ನ ನೋಡಲಿಲ್ಲ.

ಪಿರೋಜ್‌ಶಾ ಆಮೇಲೆ ಬೊಂಬಾಯಿಯ ವಿಕ್ರೋಳಿಯಲ್ಲಿ ದೊಡ್ಡ ಜಾಗ ತಗೊಂಡು ಕಾರ್ಖಾನೆಯನ್ನ ಅಲ್ಲಿಗೆ ಸಾಗಿಸಿದರು. 1951ರಲ್ಲಿ ಸ್ವತಂತ್ರ ಭಾರತದ ಮೊದಲ ಸಾರ್ವತ್ರಿಕ ಚುನಾವಣೆಗೆ ಲಕ್ಷಗಟ್ಟಲೆ ಉಕ್ಕಿನ ಮತಪೆಟ್ಟಿಗೆ ಬೇಕಾದಾಗ ದೊಡ್ಡ ಆರ್ಡರ್ ಬಂದದ್ದು ಆ ಕಾರ್ಖಾನೆಗೆ. 12 ಲಕ್ಷಕ್ಕೂ ಹೆಚ್ಚು ಪೆಟ್ಟಿಗೆ ಮಾಡಿಕೊಟ್ಟರು. ಆ ಸಲ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವರವರ ಚಿಹ್ನೆ. ಚಿಹ್ನೆ ಯಾರದ್ದೇ ಇರಲಿ, ಬೀಗ ಮಾತ್ರ ಒಂದೇ ಥರದ್ದು.